ಈ ರ‍್ಯಾಮ್ ನಿಮ್ಮ ಲ್ಯಾಪ್‌ಟಾಪಿಗೆ ಆಗಲ್ಲ

ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ನಗೋದಕ್ಕೆ ಏನಿರುತ್ತೆ ಅಂತ ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಹದಿನಾಲ್ಕು ವರ್ಷದಿಂದ ಚಾಮರಾಜನಗರದಲ್ಲಿ ಸ್ಕ್ರೂ ಬಿಚ್ಚುತ್ತಾ ಕೂತಿದ್ದೇನೆ. ವಾರಕ್ಕೊಂದಾದರೂ ನಗುವಂಥದ್ದು ನಡೆಯದೇ ಹೋದರೆ ಆ ವಾರ ಅಂಗಡಿ ಬಾಗಿಲು ತೆಗೆದ ಹಾಗೇ ಅನ್ನಿಸುವುದಿಲ್ಲ. ಅದರಲ್ಲೂ ರ‍್ಯಾಮ್ ವಿಷಯಕ್ಕೆ ಬಂದರಂತೂ ಕೇಳಲೇಬೇಡಿ.

ರ‍್ಯಾಮ್ ಅಂದರೆ ಬೆರಳುದ್ದದ ಒಂದು ಹಸಿರು ಪಟ್ಟಿ. ಲ್ಯಾಪ್‌ಟಾಪ್ ನಿಧಾನ ಆಯಿತು ಅಂತ ಯಾರ ಹತ್ತಿರ ಹೇಳಿಕೊಂಡರೂ 'ರ‍್ಯಾಮ್ ಜಾಸ್ತಿ ಹಾಕ್ಸು' ಅಂತಾರೆ. ಹೇಳುವವರಿಗೇನು, ಹೇಳಿ ಹೋಗುತ್ತಾರೆ. ಆದರೆ ಡಿಡಿಆರ್ ಮೂರು, ನಾಲ್ಕು, ಐದು ಅಂತ ಅದರಲ್ಲೂ ತಲೆಮಾರುಗಳಿವೆ. ಒಂದು ತಲೆಮಾರಿನದು ಇನ್ನೊಂದರ ಸ್ಲಾಟಿಗೆ ಹೋಗಬಾರದು ಅಂತಲೇ ಪಟ್ಟಿಯ ಅಂಚಿನಲ್ಲಿ ಬೇರೆ ಬೇರೆ ಜಾಗಕ್ಕೆ ಒಂದೊಂದು ಕಚ್ಚು ಕೊಟ್ಟಿರುತ್ತಾರೆ. ಇದನ್ನೆಲ್ಲ ನೋಡದೆ ಕೊಂಡು ತರುವವರೇ ಜಾಸ್ತಿ. ಹಾಗಾಗಿ ನನ್ನ ಬಾಯಿಂದ ದಿನಕ್ಕೆ ಅತಿ ಹೆಚ್ಚು ಸಲ ಬರುವ ಮಾತು 'ಆಗಲ್ಲ'.

ಈ ಮಾತಿನಿಂದಲೇ ಹೋದ ವರ್ಷ ನನ್ನ ಗುಂಡ್ಲುಪೇಟೆ ಟೇಬಲ್ಲಿಗೆ ಕುತ್ತು ಬಂದಿತ್ತು. ಪ್ರತಿ ಮಂಗಳವಾರ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಭಾಯ್ ಅವರ ಗಡಿಯಾರ ರಿಪೇರಿ ಅಂಗಡಿಯಲ್ಲಿ ಒಂದು ಟೇಬಲ್ ಹಾಕಿಕೊಂಡು ಕೂರುತ್ತೇನೆ. ಚಾಮರಾಜನಗರದ ಅಂಗಡಿ ನಮ್ಮ ಮಾವನವರ ಕಟ್ಟಡದಲ್ಲಿರುವುದು. ಅಲ್ಲಿಗೆ ಬಂದವರೆಲ್ಲ ಮೊದಲು ಕೇಳುವುದು "ಸಾರ್ ಇಲ್ವಾ?" ಅಂತ. ಗುಂಡ್ಲುಪೇಟೆಯ ಟೇಬಲ್ ಹಾಗಲ್ಲ. ನಾನೇ ಹೋಗಿ, ನಾನೇ ಕೇಳಿ, ನಾನೇ ಪಡೆದದ್ದು. ಅದರ ಮೇಲೆ ನನಗೆ ಎಷ್ಟು ಪ್ರೀತಿ ಅಂದರೆ ಮಂಗಳವಾರ ಬಂತೆಂದರೆ ಹೊಸ ಸೀರೆ ಉಡುತ್ತಿದ್ದೆ.

ಗೌರಿ ಹಬ್ಬ ಮುಗಿದ ಮೇಲೆ ಭಾಯ್ ಒಂದು ದಿನ ಟೀ ತರಿಸಿ, ಗಂಟಲು ಸರಿಮಾಡಿಕೊಂಡರು. "ಮೇಡಂ, ತಪ್ಪು ತಿಳ್ಕೋಬೇಡಿ. ಬಂದೋರಿಗೆಲ್ಲಾ ಆಗಲ್ಲ, ಆಗಲ್ಲ ಅಂತೀರಿ. ಅವರು ಹೋಗ್ತಾರೆ. ಹೋಗುವಾಗ ನನ್ನ ಅಂಗಡಿ ಬೋರ್ಡೂ ನೋಡ್ಕೊಂಡು ಹೋಗ್ತಾರೆ. ನಮ್ಮ ಭಾವಮೈದ ಮೊಬೈಲ್ ಕವರ್ ಇಡ್ತೀನಿ, ಆ ಜಾಗ ಕೊಡು ಅಂತಿದ್ದಾನೆ. ಸಂಕ್ರಾಂತಿ ತನಕ ನೋಡೋಣ. ಜನ ಬಂದ್ರೆ ಟೇಬಲ್ ನಿಮ್ದು. ಬರ್ಲಿಲ್ಲ ಅಂದ್ರೆ..." ಅಂತ ಅಷ್ಟಕ್ಕೇ ನಿಲ್ಲಿಸಿದರು.

ಮೊಬೈಲ್ ಕವರಿಗೆ ಸೋಲುವುದಾ? ಆವತ್ತು ಟೀ ಕೂಡ ರುಚಿಸಲಿಲ್ಲ.

ಕಚ್ಚು

ಆಮೇಲಿನ ಮಂಗಳವಾರವೇ ಒಬ್ಬ ಮರಗೆಲಸದ ಮೇಸ್ತ್ರಿ ಬಂದರು. ಬೀರು, ಮಂಚದ ಡಿಸೈನುಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ಗಿರಾಕಿಗಳಿಗೆ ತೋರಿಸುವವರು. ಕೈಗೆ ಲ್ಯಾಪ್‌ಟಾಪ್ ಕೊಟ್ಟು, "ಒಸಾ ರ‍್ಯಾಮ್ ಆಕಿವ್ನಿ. ಆನ್ ಆಗ್ತಾ ಇಲ್ಲ. ಒಸಿ ನೋಡಿ" ಅಂದರು.

"ನೀವೇ ಹಾಕಿದ್ರಾ?"

"ಊಂ. ನಾಕು ಸ್ಕ್ರೂ. ಅದೇನ್ ಮಾ ವಿದ್ಯೆಯಾ?"

ಬಿಚ್ಚಿ ನೋಡಿದೆ. ರ‍್ಯಾಮ್ ಚೆನ್ನಾಗಿ ಕೂತಿದೆ. ಎರಡೂ ಕಡೆ ಕ್ಲಿಪ್ ಕಚ್ಚಿಕೊಂಡಿದೆ. ಅದರ ಮೇಲಿನ ಚೀಟಿ ಓದಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಲ್ಯಾಪ್‌ಟಾಪ್ ಡಿಡಿಆರ್ ನಾಲ್ಕರದು, ಕೂತಿರುವ ರ‍್ಯಾಮ್ ಡಿಡಿಆರ್ ಐದು! ಐದು ನಾಲ್ಕರೊಳಗೆ ಕೂರುವ ಮಾತೇ ಇಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಇಂಥದ್ದು ಕಂಡಿರಲಿಲ್ಲ. ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಎರಡು ಕಚ್ಚುಗಳಿದ್ದವು. ಒಂದು ಕಂಪನಿ ಕೊಟ್ಟದ್ದು. ಇನ್ನೊಂದನ್ನು ಮೇಸ್ತ್ರಿಗಳು ಅರ ಹಿಡಿದು ಉಜ್ಜಿ ಕೊಟ್ಟದ್ದು.

"ಇದೇನು ಮೇಸ್ತ್ರಿಗಳೇ?"

"ತರಬೇಕಾದ್ರ ಒಸದೇ ತತ್ತಿನಿ ಅಂತ ತಂದಿ. ಇಲ್ಲಿ ನೋಡುದ್ರ ಕಚ್ಚು ಅರ್ಧ ನೂಲು ಅತ್ತಗದೆ. ಅಂಗಡಿಯೋನು ಸರಿಯಾಗ್ ಒಡ್ದಿಲ್ಲ ಅಂದ್ಕಂಡು ನಾನೇ ಒಡ್ಕಂಡಿ. ಎರಡು ಗಂಟೆ ಕೆಲ್ಸ ಕಣವ್ವ. ಮರ ಆಗಿದ್ರ ಐದು ನಿಮ್ಷ."

ಭಾಯ್ ತಮ್ಮ ಟೇಬಲ್ಲಿನಿಂದ ಎದ್ದು ಬಂದು, ಗಡಿಯಾರ ನೋಡುವ ಕಣ್ಣುಗಾಜು ಸಿಕ್ಕಿಸಿಕೊಂಡು ಆ ಕಚ್ಚನ್ನು ನೋಡಿದರು. "ವಾಹ್! ಏನ್ ಕೆಲಸ ಮೇಡಂ! ಮಿಷಿನ್ನಲ್ಲಿ ಕೊಯ್ದ ಹಾಗಿದೆ" ಅಂದರು. ಸುಳ್ಳಲ್ಲ, ಕಂಪನಿಯ ಕಚ್ಚಿಗಿಂತ ಅದೇ ನುಣುಪಾಗಿತ್ತು.

ನಾನು ಅವರಿಗೆ ತಲೆಮಾರಿನ ಲೆಕ್ಕವೆಲ್ಲ ಬಿಡಿಸಿ ಹೇಳಿದೆ. ಕಚ್ಚು ಇರುವುದೇ ತಪ್ಪು ರ‍್ಯಾಮ್ ಒಳಗೆ ಹೋಗದಿರಲಿ ಅಂತ, ಅದರ ಜಾಗ ಬದಲಾಯಿಸಿದರೆ ಒಳಗಿನ ಗೆರೆಗಳೇ ತುಂಡಾಗುತ್ತವೆ, ಇದು ಯಾವ ಜನ್ಮಕ್ಕೂ ಆಗಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದರು.

"ಕೂರ್ಸಿದ್ದೆನಲ್ಲ, ಫಿಟ್ಟಿಂಗು ಎಲ್ಲಾರ ಲೂಸ್ ಇತ್ತಾ?"

"ಇಲ್ಲ."

"ಅಲ್ಲಾಡ್ತಿತ್ತಾ?"

"ಇಲ್ಲ ಮೇಸ್ತ್ರಿಗಳೇ."

"ಅಲ್ಲಿಗ ನನ್ ಕೆಲ್ಸ ಸರಿಯಾಗದೆ" ಅಂತ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು. "ಉಳುದ್ದು ಕರೆಂಟಿನ ಕೆಲ್ಸ. ಅದು ನಿಮ್ದು."

ಜೋಡಿ

ಇದು ಚಾಮರಾಜನಗರದ ಅಂಗಡಿಯಲ್ಲಿ ಆದದ್ದು. ಹರದನಹಳ್ಳಿ ಕಡೆಯ ಪುರೋಹಿತರೊಬ್ಬರು ಜಾತಕ ಬರೆಯುವ ಲ್ಯಾಪ್‌ಟಾಪ್ ತಂದರು. ಹುಡುಗನದು, ಹುಡುಗಿಯದು ಎರಡು ಜಾತಕ ಒಟ್ಟಿಗೆ ತೆಗೆದರೆ ಅದು ನಿಂತೇ ಹೋಗುತ್ತಂತೆ. ನೋಡಿದೆ. ಎರಡು ಸ್ಲಾಟ್ ಇದ್ದವು, ಒಂದರಲ್ಲಿ ಹಳೇ ಎರಡು ಜಿಬಿ, ಇನ್ನೊಂದು ಖಾಲಿ. ನನಗೆ ಖುಷಿಯಾಯಿತು. ಅಂತೂ 'ಆಗುತ್ತೆ' ಅನ್ನುವ ಭಾಗ್ಯ ಬಂತು.

"ಆಗುತ್ತೆ ಸ್ವಾಮಿಗಳೇ! ನಾಲ್ಕು ನಾಲ್ಕರದು ಜೋಡಿ ಹಾಕೋಣ. ಒಂದೇ ಕಂಪನಿ, ಒಂದೇ ವೇಗ. ಇಲ್ನೋಡಿ, ನಂಬರ್ ಕೂಡ ಒಂದರ ಹಿಂದೆ ಒಂದು" ಅಂತ ಎರಡು ರ‍್ಯಾಮ್ ತೆಗೆದು ಅವರ ಕೈಗಿಟ್ಟೆ.

ಅವರು ಕನ್ನಡಕ ಏರಿಸಿ ಎರಡರ ಚೀಟಿಯನ್ನೂ ಓದಿದರು. ಓದಿ ಮೆಲ್ಲಗೆ ಮೇಜಿನ ಮೇಲಿಟ್ಟರು.

"ಅಂದ್ರೆ ಇವೆರಡೂ ಒಡಹುಟ್ಟಿದವು."

"ಹಾಗೇ ಅಂದ್ಕೊಳ್ಳಿ."

"ಮತ್ತೆ ಜೋಡಿ ಅಂತೀಯಲ್ಲಮ್ಮ! ಒಂದೇ ಗೋತ್ರದವನ್ನ ಜೋಡಿ ಮಾಡಿ ಒಂದೇ ಮನೇಲಿ ಕೂರಿಸೋದೇ? ಊರಿಗೆಲ್ಲ ಸಗೋತ್ರ ಆಗೋಲ್ಲ ಅಂತ ಹೇಳೋನು ನಾನು. ನಾಳೆ ಯಾರಾದ್ರೂ ನನ್ನ ಲ್ಯಾಪ್‌ಟಾಪ್ ಬಿಚ್ಚಿ ನೋಡಿದ್ರೆ ಮುಖ ಎಲ್ಲಿ ಇಟ್ಕೊಳ್ಳಲಿ?"

ಇಪ್ಪತ್ತು ನಿಮಿಷ ವಾದ ಮಾಡಿದೆ. ಬೇರೆ ಬೇರೆ ಕಂಪನಿಯವನ್ನು ಬೆರೆಸಿದರೆ ಒಮ್ಮೊಮ್ಮೆ ಹ್ಯಾಂಗ್ ಆಗುತ್ತೆ ಅಂದೆ. ಗಂಡ ಹೆಂಡತಿ ಅಂತ ಯಾಕೆ ತಿಳೀತೀರಿ, ಒಂದೇ ನೊಗಕ್ಕೆ ಕಟ್ಟಿದ ಎತ್ತು ಅಂದ್ಕೊಳ್ಳಿ ಅಂದೆ. ಅವರು ಒಪ್ಪಲಿಲ್ಲ. ಜಾತಕದ ಮಿಷಿನ್ನಿಗೆ ಎತ್ತು ಕಟ್ಟುತ್ತಾರೇನಮ್ಮ ಅಂತ ನನ್ನನ್ನೇ ಕೇಳಿದರು. ಕೊನೆಗೆ ಸೋತು ಬೇರೆ ಕಂಪನಿಯದೊಂದು ಹುಡುಕಿ ತೆಗೆದೆ. ಅವರು ಬೆರಳು ಮಡಚುತ್ತಾ ವಿಚಾರಿಸಿದರು. ತಲೆಮಾರು ಒಂದೇನಾ? ಒಂದೇ. ವೇಗ? ಒಂದೇ. ವೋಲ್ಟೇಜು? ಒಂದೇ. ಅಳತೆ? ಒಂದೇ. ಕಂಪನಿ? ಬೇರೆ. "ಐದಕ್ಕೆ ಐದೂ ಕೂಡಿ ಬಂತು. ಇದು ಜೋಡಿ!" ಅಂದರು. ರಾಹುಕಾಲ ಮುಗಿಯುವವರೆಗೆ ನನ್ನ ಅಂಗಡಿಯಲ್ಲೇ ಕೂತಿದ್ದು, ಆಮೇಲೆ ಹಾಕಿಸಿಕೊಂಡು, ಎರಡು ಅಕ್ಷತೆ ಕಾಳು ಹಾಕಿ ಹೊರಟರು.

ವಾರದ ಮೇಲೆ ಫೋನ್ ಬಂತು. "ಅಮ್ಮಾ, ನಿನ್ನೆ ಒಂದು ಸಲ ಹ್ಯಾಂಗ್ ಆಯ್ತು."

ನಾನು ಇದಕ್ಕೇ ಕಾದಿದ್ದೆ. "ನಾನು ಹೇಳಿರ್ಲಿಲ್ವಾ ಸ್ವಾಮಿಗಳೇ? ತನ್ನಿ, ಒಂದನ್ನ ಬದಲಾಯಿಸ್ತೀನಿ."

"ಛೇ ಛೇ, ಬೇಡ. ಹೊಸ ಸಂಸಾರ. ಮೊದಮೊದಲು ಹಾಗೇ ಇರುತ್ತೆ. ನಾವು ಮಧ್ಯೆ ಹೋಗಬಾರದು."

ಕುಂಕುಮ

ಆಯುಧಪೂಜೆ ಆದ ಮಾರನೇ ವಾರ ನಮ್ಮ ಕಸುಬಿನಲ್ಲಿ ಸುಗ್ಗಿ. ಕೀಬೋರ್ಡಿನಲ್ಲಿ ಅಕ್ಕಿ, ಪ್ರಿಂಟರಿನಲ್ಲಿ ನಿಂಬೆಹಣ್ಣಿನ ಬೀಜ, ಎಲ್ಲ ಬರುತ್ತದೆ. ಆ ಮಂಗಳವಾರ ಗುಂಡ್ಲುಪೇಟೆಗೆ ಜೆರಾಕ್ಸ್ ಅಂಗಡಿ ನಡೆಸುವ ಒಬ್ಬರು ಹೆಂಗಸು ಬಂದರು. ಹಿಂದಿನ ತಿಂಗಳು ತಾನೇ ನನ್ನ ಹತ್ತಿರ ಒಂದು ರ‍್ಯಾಮ್ ಹಾಕಿಸಿಕೊಂಡು ಹೋಗಿದ್ದವರು. ಲ್ಯಾಪ್‌ಟಾಪ್ ಸತ್ತ ಹಾಗಿತ್ತು. ಬೆನ್ನಿನ ಮುಚ್ಚಳ ತೆಗೆದೆ. ಹಳೇ ರ‍್ಯಾಮಿನ ಬಂಗಾರ ಬಣ್ಣದ ಅಂಚಿಗೆ ಉದ್ದಕ್ಕೂ ಅರಿಸಿನ, ಅದರ ಮೇಲೆ ಸಾಲಾಗಿ ಕುಂಕುಮ, ಪಕ್ಕದಲ್ಲಿ ಒಂದು ಚೆಂಡುಹೂವಿನ ಎಸಳು. ನಾನು ಹಾಕಿದ ಹೊಸ ರ‍್ಯಾಮ್ ಮಾತ್ರ ಹಾಗೇ ಚೊಕ್ಕಟವಾಗಿತ್ತು.

"ಮುಚ್ಚಳ ಬಿಚ್ಚಿ ಪೂಜೆ ಮಾಡಿದ್ರಾ?"

"ಇನ್ನೇನ್ ಮತ್ತ? ಕೆಲ್ಸ ಮಾಡದು ಒಳ್ಗಿರದು ತಾನೆ?"

ರಬ್ಬರ್ ತಗೊಂಡು ಉಜ್ಜಿ, ಬ್ರಷ್ ಹಾಕಿ, ಅರ್ಧ ಗಂಟೆ ಕ್ಲೀನ್ ಮಾಡಿದೆ. ಲ್ಯಾಪ್‌ಟಾಪ್ ಎದ್ದಿತು. ಮುಂದಿನ ವರ್ಷದಿಂದ ಮುಚ್ಚಳದ ಮೇಲೆಯೇ ಒಂದು ಬೊಟ್ಟಿಟ್ಟರೆ ಸಾಕು ಅಂತ ಬುದ್ಧಿ ಹೇಳಿದೆ. ಆಕೆಗೆ ಸಿಟ್ಟು ಬಂತು.

"ಯಾನ್ ಮೇಡಂ ನೀವು! ದೇವಸ್ತಾನಕ್ಕೋದ್ರ ಆಚ್ಗಡ ಗೋಡೆಗ ಮಂಗ್ಳಾರತಿ ಮಾಡುಸ್ತಿರಾ?"

ಮಾತು ಬದಲಾಯಿಸೋಣ ಅಂತ, ಹಳೇದಕ್ಕೆ ಮಾತ್ರ ಹಚ್ಚಿ ಹೊಸದನ್ನು ಯಾಕೆ ಬಿಟ್ಟಿರಿ ಅಂದೆ.

"ಅದು ಬಂದು ತಿಂಗ್ಳೂ ಆಗಿಲ್ಲ. ಮೊದ್ಲು ದುಡಿಲಿ. ಆಮೇಲ್ ಹಚ್ಚನ."

ಒಂದೇ ಒಂದು ಸಲ

ಹೀಗೆ ಕಾರ್ತಿಕವೂ ಮುಗಿಯಿತು. ಭಾಯ್ ಮುಖ ವಾರದಿಂದ ವಾರಕ್ಕೆ ಸಣ್ಣಗಾಗುತ್ತಿತ್ತು. ಅವರ ಭಾವಮೈದ ಎರಡು ಸಲ ಬಂದು ನನ್ನ ಟೇಬಲ್ಲಿನ ಉದ್ದ ಅಗಲ ಗೇಣಿನಲ್ಲಿ ಅಳೆದುಕೊಂಡು ಹೋದ. ನನ್ನ ಎದುರಿಗೇ! ಅಳತೆ ತೆಗೆಯುವಾಗ ನನ್ನ ಸ್ಕ್ರೂಡ್ರೈವರ್ ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿದ್ದು ಇವತ್ತಿಗೂ ನೆನಪಿದೆ.

ಒಂದು ಮಂಗಳವಾರ ಬಂಡೀಪುರದ ಕಡೆಯ ಹೋಂಸ್ಟೇ ಮ್ಯಾನೇಜರ್ ಒಬ್ಬರು ಫೋನ್ ಮಾಡಿದರು. ವಯನಾಡಿನವರು, ಕನ್ನಡ ತುಂಬ ಚೆನ್ನಾಗಿ ಕಲಿತಿದ್ದರು. "ಮೇಡಂ, ಲ್ಯಾಪ್‌ಟಾಪ್ ವಳರೆ ಸ್ಲೋ ಉಂಟು. ರ‍್ಯಾಮ್ ಹಾಕ್ಲಿಕ್ಕೆ ಆಗ್ತದಾ?" ಮಾಡೆಲ್ ಕೇಳಿದೆ. ತೆಳ್ಳನೆಯದು. ಇಂಥವುಗಳಲ್ಲಿ ಕೆಲವಕ್ಕೆ ಸ್ಲಾಟೇ ಇರುವುದಿಲ್ಲ, ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ. ಬಿಚ್ಚಿ ನೋಡದೆ ಹೇಳುವ ಹಾಗಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ ಭಾಯ್ ಎದುರಿಗೆ ಬಂದು ಕೈ ಮುಗಿದು ನಿಂತರು. "ಒಂದೇ ಒಂದು ಸಲ ಮೇಡಂ. ಒಂದೇ ಒಂದು ಸಲ ಆಗುತ್ತೆ ಅನ್ನಿ" ಅಂತ ಪಿಸುಗುಟ್ಟಿದರು.

ನನಗೂ ಟೇಬಲ್ ಬೇಕಿತ್ತು. "ಆಗುತ್ತೆ, ತನ್ನಿ" ಅಂದುಬಿಟ್ಟೆ.

ಮುಂದಿನ ಮಂಗಳವಾರ ಆ ಮನುಷ್ಯ ಬೆಳಿಗ್ಗೆಯೇ ಬಂದು ಕೂತರು. ನಾನು ಅವರ ಎದುರಿಗೆ ಸ್ಕ್ರೂ ಬಿಚ್ಚಿದೆ. ಸ್ಲಾಟ್ ಇರಲಿಲ್ಲ. ಬೋರ್ಡಿನ ಮೇಲೆ ಕಪ್ಪು ಚಿಪ್ಪುಗಳು ಸಾಲಾಗಿ ಬೆಸೆದು ಕೂತಿದ್ದವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಸಾರ್, ತಪ್ಪಾಯ್ತು. ಇದರಲ್ಲಿ ಸ್ಲಾಟ್ ಇಲ್ಲ" ಅಂದೆ.

"ಇಲ್ಲ?" ಅಂದರು ಅವರು. "ಹೋದ ವಾರ ಉಂಟು ಅಂದ್ರಲ್ಲ?"

ಭಾಯ್‌ಗೆ ತಡೆಯಲಾಗಲಿಲ್ಲ. "ಇರ‍್ಲೇಬೇಕು. ಚಿಕ್ಕದಾಗಿರುತ್ತೆ, ನಿಮ್ಮ ಕಣ್ಣಿಗೆ ಕಾಣಿಸ್ತಿಲ್ಲ. ಕೊಡಿ ಇಲ್ಲಿ" ಅಂತ ಲ್ಯಾಪ್‌ಟಾಪ್ ಎಳೆದುಕೊಂಡರು. ಕಣ್ಣುಗಾಜು ಹಾಕಿಕೊಂಡು, ಚಿಮಟ ಹಿಡಿದು, ಹೆಂಗಸರ ವಾಚಿನ ಮುಳ್ಳು ಹುಡುಕುವ ಶ್ರದ್ಧೆಯಿಂದ ಬೋರ್ಡಿನ ಮೇಲೆ ಬಗ್ಗಿದರು. ಮ್ಯಾನೇಜರ್ ಮೊಬೈಲ್ ಟಾರ್ಚ್ ಹಿಡಿದರು. ಇಬ್ಬರೂ ಸೇರಿ ಮುಕ್ಕಾಲು ಗಂಟೆ ಹುಡುಕಿದರು. ನಾನು ಬೇಡ ಬೇಡ ಅಂದದ್ದು ಯಾರಿಗೂ ಬೇಕಾಗಿರಲಿಲ್ಲ.

ಕೊನೆಗೆ ಭಾಯ್ ಬೆನ್ನು ನೆಟ್ಟಗೆ ಮಾಡಿಕೊಂಡು ಕಣ್ಣುಗಾಜು ತೆಗೆದರು. "ಎರಡು ಇರುವೆ ಸಿಕ್ತು ಮೇಡಂ. ಸ್ಲಾಟ್ ಸಿಕ್ಲಿಲ್ಲ."

ಮ್ಯಾನೇಜರ್ ಒಳ್ಳೆಯವರು, ಬೈಯಲಿಲ್ಲ. ಹೊರಡುವಾಗ ಸಮಾಧಾನದ ಧ್ವನಿಯಲ್ಲಿ ಅಂದರು: "ಸಾರ ಇಲ್ಲ ಮೇಡಂ, ಪರವಾಗಿಲ್ಲ. ಇರುವೆ ಹೋಯ್ತಲ್ಲ, ಸ್ವಲ್ಪ ಸ್ಪೀಡ್ ಆಗಬಹುದು."

ಪಾಲು

ಸಂಕ್ರಾಂತಿಗೆ ಮುಂಚಿನ ಕೊನೆಯ ಮಂಗಳವಾರ ಬಂತು. ಅವತ್ತು ನಾಲ್ಕು ಜನ ಬಂದರೆ ಟೇಬಲ್ ಉಳಿಯುತ್ತೆ, ಇಲ್ಲದಿದ್ದರೆ ಮೊಬೈಲ್ ಕವರಿನ ಪಾಲು. ಹನ್ನೊಂದು ಗಂಟೆಯ ತನಕ ಒಬ್ಬರೂ ಬರಲಿಲ್ಲ. ಆಮೇಲೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಒಟ್ಟಿಗೆ ಎಂಟು ಜನ ಇಳಿದರು!

ಹೆಗಲ ಮೇಲೆ ಟವೆಲ್ ಹಾಕಿಕೊಂಡ ಐವರು ಹಿರಿಯರು. ಒಬ್ಬರ ಮುಖ ಒಬ್ಬರು ನೋಡದ ಅಣ್ಣ ತಮ್ಮ. ಎಲೆಅಡಿಕೆ ಡಬ್ಬಿ ಹಿಡಿದ ಅವರ ತಾಯಿ. ಹತ್ತಿರದ ಹಳ್ಳಿಯವರು. ಅಣ್ಣ ತಮ್ಮ ಇಬ್ಬರೂ ಸೇರಿ ಮದುವೆ ವಿಡಿಯೋ ತೆಗೆಯುವವರಂತೆ.

ಐವರಲ್ಲಿ ದೊಡ್ಡ ಮೀಸೆಯ ಯಜಮಾನರು ಮಾತು ಶುರುಮಾಡಿದರು. "ನೋಡವ್ವ, ಇವ್ರಿಬ್ರೂ ಬ್ಯಾರೆ ಆಯ್ತಾವ್ರ. ಜಮೀನು ಪಾಲಾಯ್ತು, ದನ ಆಯ್ತು, ಪಾತ್ರೆ ಪಗಡೆ ಆಯ್ತು. ಕೊನ್ಗ ಈ ಲ್ಯಾಪ್‌ಟಾಪ್ ಒಂದ್ ಉಳ್ಕತು. ಇದ್ರೊಳ್ಗ ಎಂಟೆಂಟರವು ಎರಡು ರ‍್ಯಾಮ್ ಅವಂತ. ನಾವೇ ಕೂತು ತೀರ್ಮಾನ ಮಾಡಿವಿ. ಲ್ಯಾಪ್‌ಟಾಪು ಒಂದು ರ‍್ಯಾಮು ದೊಡ್ಡೋನ್ಗ. ಇನ್ನೊಂದು ರ‍್ಯಾಮು, ಚಾರ್ಜರ್ರು, ಬ್ಯಾಗು ಚಿಕ್ಕೋನ್ಗ. ಚಿಕ್ಕೋನು ಅಳೇದೊಂದು ಲ್ಯಾಪ್‌ಟಾಪ್ ತಕ್ಕಂಡವ್ನ. ಇದ್ರದ ಬಿಚ್ಚಿ ಅದ್ಕಾಕ್ಬುಡು. ನ್ಯಾಯ ಮುಗಿತದೆ."

ಎರಡೂ ಬಿಚ್ಚಿದೆ. ಅಣ್ಣನದು ಡಿಡಿಆರ್ ನಾಲ್ಕು, ತಮ್ಮನ ಹಳೇದು ಡಿಡಿಆರ್ ಮೂರು. ಹಿಂದೆ ಭಾಯ್ ನಿಂತಿದ್ದರು. ಅವರು ಏನನ್ನು ಬೇಡುತ್ತಿದ್ದಾರೆ ಅಂತ ತಿರುಗಿ ನೋಡದೆಯೂ ಗೊತ್ತಾಗುತ್ತಿತ್ತು. ಆದರೆ ಹೋಂಸ್ಟೇ ಪಾಠ ಇನ್ನೂ ಹಸಿಯಾಗಿತ್ತು.

"ಯಜಮಾನ್ರೇ, ಇದು ಅದಕ್ಕೆ ಕೂರಲ್ಲ."

"ಒಸಿ ಅದುಮವ್ವ."

"ಅದುಮಿದ್ರೂ ಕೂರಲ್ಲ. ಎರಡು ಮಿಲಿಮೀಟರ್ ಉದ್ದ ಇದೆ, ಕಚ್ಚೂ ಬೇರೆ. ಇದನ್ನ ಮಾರಿ, ಅವರದಕ್ಕೆ ಆಗೋದು ತಗೊಳ್ಳಲಿ."

"ಪಾಲ್ಗ ಬಂದದ್ನ ಅವತ್ತೇ ಮಾರದಾ?" ಅಂತ ಐವರೂ ಒಟ್ಟಿಗೆ ಗಾಬರಿಯಾದರು. ಪಾಲಿಗೆ ಬಂದ ವಸ್ತು ಮೊದಲು ಮನೆಗೆ ಹೋಗಿ ದೀಪ ಕಾಣಬೇಕಂತೆ. ಅಷ್ಟರಲ್ಲಿ ಅಣ್ಣ ಬಾಯಿ ಬಿಟ್ಟ. "ಮೇಡಂ, ಒಂದು ತಗದ್ಬುಟ್ರ ನಂದು ಮದ್ವೆ ವಿಡಿಯೋ ಎಳಿತದಾ?" ಎಳೆಯುವುದು ಕಷ್ಟ, ಧಾರೆ ಎರೆಯುವ ಹೊತ್ತಿಗೆ ನಿಂತುಹೋಗಬಹುದು ಅಂದೆ. "ನೋಡುದ್ರಾ, ನನ್ಗೂ ಇಲ್ಲ ಅವ್ನ್ಗೂ ಇಲ್ಲ!" ಅಂತ ಅವನು ಕೂಗಿದ. "ನಂದು ನನ್ಗ ಕೊಡಿ. ಕೂರ್ದಿದ್ರ ದೇವ್ರ ಗೂಡಲ್ಲಿ ಇಟ್ಕತಿನಿ" ಅಂತ ತಮ್ಮ ಕೂಗಿದ.

ಗಲಾಟೆ ಕೇಳಿ ಜನ ಸೇರತೊಡಗಿದರು. ಪಕ್ಕದ ಬೇಕರಿಯವರು ಬಂದರು. ಚೆಂಡುಹೂವಿನ ಮೂಟೆ ಇಳಿಸುತ್ತಿದ್ದವರು ಬಂದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದರು. ಭಾಯ್ ಒಳಗಿದ್ದ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿದರು. ಮೀಸೆ ಯಜಮಾನರು ಕೈ ಎತ್ತಿ ಇನ್ನೊಂದು ತೀರ್ಮಾನ ಕೊಟ್ಟರು. "ಬುಡಿ ಬುಡಿ. ಬಿಚ್ಚದೇ ಬ್ಯಾಡ. ದೊಡ್ಡೋನು ಆರ್ ತಿಂಗ್ಳು ಇಟ್ಕಳ್ಲಿ, ಚಿಕ್ಕೋನು ಆರ್ ತಿಂಗ್ಳು ಇಟ್ಕಳ್ಲಿ."

ಎಲ್ಲರೂ ತಲೆದೂಗಿದರು. ಹೂವಿನ ಮೂಟೆಯವನೊಬ್ಬ ಹಿಂದಿನಿಂದ ಕೇಳಿದ: "ಆಷಾಢ ಯಾರ್ಗ ಬತ್ತದೆ?"

ಅಷ್ಟೇ ಸಾಕಾಯಿತು. ಆಷಾಢದಲ್ಲಿ ಮದುವೆ ಇಲ್ಲ, ವಿಡಿಯೋ ಇಲ್ಲ. ನನಗೆ ಬೇಡ ಅಂತ ಅಣ್ಣ, ನನಗೂ ಬೇಡ ಅಂತ ತಮ್ಮ. ಪಿತೃಪಕ್ಷ, ಧನುರ್ಮಾಸಗಳೂ ಎದ್ದು ಬಂದವು. ಬೇಕರಿಯವರು ಅಣ್ಣನ ಕಡೆ, ಹೂವಿನವರು ತಮ್ಮನ ಕಡೆ. ಕ್ಯಾಲೆಂಡರ್ ತರಿಸಿದರು. ನನ್ನ ಟೇಬಲ್ ಮೇಲೆ ಯಾರೋ ಕೈ ಬಡಿದರು. ಸ್ಕ್ರೂಗಳೆಲ್ಲ ನೆಲಕ್ಕೆ ಹಾರಿದವು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಆಗಲ್ಲ!" ಅಂತ ಕಿರುಚಿದೆ. "ಇದನ್ನ ಹಂಚೋಕೆ ಆಗಲ್ಲ! ಈ ಎರಡೂ ಅಕ್ಕಪಕ್ಕ ಕೂತ್ರೆ ಮಾತ್ರ ಕೆಲಸ. ನೀವು ಐದು ಜನ ಅಲ್ಲ, ಐವತ್ತು ಜನ ಬಂದು ಕೂತ್ರೂ ಆಗಲ್ಲ!"

ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮುಗಿಯಿತು, ಟೇಬಲ್ ಹೋಯಿತು ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು, ಸ್ಕ್ರೂ ಹುಡುಕುವ ನೆಪದಲ್ಲಿ ಬಗ್ಗಿದೆ.

ಆಗ ಅಷ್ಟು ಹೊತ್ತು ಸುಮ್ಮನೆ ಎಲೆ ಮಡಚುತ್ತಿದ್ದ ತಾಯಿ ಎದ್ದು ಬಂದರು. "ಎರಡ್ನೂ ಈಚ್ಗ ತಗಿಯವ್ವ" ಅಂದರು. ತೆಗೆದೆ. "ಈಗ ಅದು ನಡ್ದದಾ?" ಬಟನ್ ಒತ್ತಿ ತೋರಿಸಿದೆ. ಒಂದು ದೀಪ ಮಿಣುಕಿತು, ಅಷ್ಟೇ. "ಚಾರ್ಜರ್ ಇಲ್ದೆ ಏಟೊತ್ತು ನಡ್ದದು?" ಹೆಚ್ಚೆಂದರೆ ಎರಡು ಗಂಟೆ ಅಂದೆ. ಆಕೆ ಎರಡೂ ರ‍್ಯಾಮನ್ನು ಎತ್ತಿಕೊಂಡರು. ನಾನು ಕೊಟ್ಟ ಕವರಿನಲ್ಲಿ ಹಾಕಿ, ಅಡಿಕೆ ಡಬ್ಬಿಗೆ ಸೇರಿಸಿ, ಮುಚ್ಚಳ ಒತ್ತಿದರು.

"ಲ್ಯಾಪ್‌ಟಾಪ್ ದೊಡ್ಡೋನ್ತವೇ ಇರ್ಲಿ. ಚಾರ್ಜರ್ ಚಿಕ್ಕೋನ್ತವೇ ಇರ್ಲಿ. ಇವು ನನ್ತವ ಇರ್ತವ. ಮದ್ವೆ ಬಂತಾ, ಇಬ್ರೂ ನನ್ ಮುಂದ ಬಂದ್ ಕೂತ್ಕಳ್ಳಿ. ನಾನ್ ಆಕ್ಕೊಡ್ತಿನಿ. ಮಕ ತಿರಿಕ್ಕಂಡ್ ಬಂದ್ರ ಡಬ್ಬಿ ತಗಿಯಲ್ಲ."

ಬಸ್ ಸ್ಟ್ಯಾಂಡ್ ಜನವೆಲ್ಲ ಚಪ್ಪಾಳೆ ತಟ್ಟಿತು. ಮೀಸೆ ಯಜಮಾನರು, ಇದನ್ನೇ ತಾವು ಮೊದಲಿನಿಂದ ಹೇಳುತ್ತಿದ್ದದ್ದು ಅಂದರು. ನಾನು ಆಕೆಗೆ ರ‍್ಯಾಮ್ ಹಾಕುವುದು ಹೇಳಿಕೊಟ್ಟೆ. ಸ್ವಲ್ಪ ಓರೆಯಾಗಿ ತೂರಿಸಿ, ಎರಡೂ ಕ್ಲಿಪ್ ಟಕ್ ಅನ್ನುವ ತನಕ ಒತ್ತಬೇಕು. ಎರಡನೇ ಸಲಕ್ಕೇ ಕಲಿತರು. "ಇಷ್ಟೇಯಾ? ಹಸಿ ಸೌದೆ ಒಲೆಗ ತುರ್ಕದು ಇದ್ಕಿಂತ ಕಷ್ಟ" ಅಂದರು. ಅಣ್ಣ ಲ್ಯಾಪ್‌ಟಾಪ್ ಹಿಡಿದ, ತಮ್ಮ ಚಾರ್ಜರ್ ಹಿಡಿದ, ಎಂಟೂ ಜನ ಅದೇ ಆಟೋ ಹತ್ತಿ ಹೋದರು.

ನನಗೆ ಮಾತ್ರ ಅವತ್ತು ಒಂದು ಸ್ಕ್ರೂವಿನಷ್ಟೂ ವ್ಯಾಪಾರ ಆಗಲಿಲ್ಲ. ಭಾಯ್ ಕುರ್ಚಿಗಳನ್ನು ಒಳಗೆ ಇಟ್ಟುಕೊಂಡರು.

ಸಂಕ್ರಾಂತಿ ಕಳೆದ ಮಂಗಳವಾರ ಸಾಮಾನು ಎತ್ತಿಕೊಂಡು ಬರೋಣ ಅಂತ ಖಾಲಿ ಚೀಲ ಹಿಡಿದು ಹೋದೆ. ಹಳೇ ಸೀರೆಯನ್ನೇ ಉಟ್ಟಿದ್ದೆ. ಅಂಗಡಿ ಮುಂದೆ ಹನ್ನೆರಡು ಹದಿಮೂರು ಜನ ನಿಂತಿದ್ದರು. ಭಾಯ್ ಎಲ್ಲಿಂದಲೋ ಎರಡು ಬೆಂಚು ತಂದು ಹಾಕಿಸಿದ್ದರು. ನನ್ನನ್ನು ಕಂಡದ್ದೇ ಓಡಿ ಬಂದು ಕೈಯಿಂದ ಚೀಲ ಕಿತ್ತುಕೊಂಡರು. "ಎಲ್ಲಾ ನಿಮಗೇ ಮೇಡಂ! ಬೆಳಿಗ್ಗೆಯಿಂದ ಕಾಯ್ತಿದ್ದಾರೆ. ಟೇಬಲ್ ಎಲ್ಲಿಗೂ ಹೋಗಲ್ಲ. ಭಾವಮೈದನಿಗೆ ಬೇರೆ ಜಾಗ ನೋಡ್ಕೋ ಅಂದೆ."

ನನಗೆ ಆದ ಸಂತೋಷ ಹೇಳಲಾರೆ. ಕೂತು, ಸ್ಕ್ರೂಡ್ರೈವರ್ ತೆಗೆದಿಟ್ಟು, ತಲೆ ಎತ್ತಿ ನೋಡಿದೆ. ಒಬ್ಬರ ಕೈಯಲ್ಲೂ ಲ್ಯಾಪ್‌ಟಾಪ್ ಇರಲಿಲ್ಲ.

ಮೊದಲನೆಯವರು ವಯಸ್ಸಾದ ರೈತರು. ಟವೆಲ್ ತೆಗೆದು ಮುಂದೆ ಬಂದು ಕೂತರು. "ನೀವೇನಾ ಪಾಲ್ ಮಾಡ್ಕೊಡ ಮೇಡಮ್ಮ? ನಮ್ದೊಂದು ಬೋರು. ಒಂದೇ ಮೋಟ್ರು. ನಾವಿಬ್ರು ಅಣ್ತಮ್ದೀರು. ಎಂಗ್ ಮಾಡದು ಏಳಿ."

"ಅಯ್ಯೋ ಯಜಮಾನ್ರೇ, ನಾನು ಲ್ಯಾಪ್‌ಟಾಪ್ ನೋಡೋಳು..." ಅಂತ ಶುರುಮಾಡಿದೆ. ಭಾಯ್ ನನ್ನ ಮಾತನ್ನು ಅಲ್ಲೇ ತಡೆದು, ತೀರ ಗಂಭೀರವಾಗಿ ಕೇಳಿದರು: "ಮೋಟ್ರು ತಂದಿದ್ದೀರಾ?"

"ತಂದಿವ್ನಿ ಸಾಮಿ. ಅಲ್ಲಿ, ಆಟೋದಲ್ಲದೆ."

"ಮತ್ತೆ ಒಳಗೆ ತನ್ನಿ. ಮೇಡಂ ಬಿಚ್ಚಿ ನೋಡ್ತಾರೆ."

"ತತ್ತಿದ್ದೆ ಸಾಮಿ," ಅಂದರು ಅವರು, ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ. "ನಾನು ಎತ್ಕಂಡು ಓಡೋಗ್ಬುಡ್ತಿನಿ ಅಂತ ನನ್ ತಮ್ಮ ಮೂರು ದಿನ್ದಿಂದ ಅದ್ರ ಮ್ಯಾಲೇ ಕೂತವ್ನ, ಆಟೋದಲ್ಲೂ ಇಳ್ದಿಲ್ಲ. ಮೋಟ್ರು ಆಮೇಲ್ ಬಿಚ್ಚಿವ್ರಿ, ಮೊದ್ಲು ಅವ್ನ ಬಿಚ್ಚಿ."